ಮನೆಯಲ್ಲೇ ತೋಟಾ ತುಂಬಿದರೆ ಬೇಟೆಯ ದೂರ ಹೆಚ್ಚುತ್ತದೆಯೇ?

ಪ್ರಶ್ನೆ: ಎಂಟು ವರ್ಷಗಳಿಂದ ಪರವಾನಗಿ ಪಡೆದ .308 ವಿಂಚೆಸ್ಟರ್ ಬೋಲ್ಟ್ ರೈಫಲಿನಲ್ಲಿ ಜಿಂಕೆಯ ಬೇಟೆಯಾಡುತ್ತಿದ್ದೇನೆ. ಇದುವರೆಗೆ 200 ಮೀಟರ್ ಮೀರಿ ಈಡು ಹೊಡೆದವನಲ್ಲ. ಕಾರ್ಖಾನೆಯ ತೋಟಾಗಳಲ್ಲಿ 100 ಮೀಟರಿಗೆ ಐದು ಈಡುಗಳು ಸುಮಾರು 6 ಸೆಂಟಿಮೀಟರ್ ಒಳಗೆ ಬೀಳುತ್ತವೆ. ತೋಟಾಗಳನ್ನು ತಾವೇ ತುಂಬಿಕೊಳ್ಳುವ ಗೆಳೆಯರೊಬ್ಬರು, ನಾನೂ ಹಾಗೆ ಮಾಡಿದರೆ 500–600 ಮೀಟರಿನ ಬೇಟೆ ಸುಲಭವಾಗುತ್ತದೆ ಎನ್ನುತ್ತಾರೆ. ಅವರ ರೈಫಲಿನಲ್ಲಿ ವರ್ಷಗಳಿಂದ ತೊಂದರೆ ಕೊಡದ ಮದ್ದಿನ ಅಳತೆಯನ್ನು ಬರೆದುಕೊಟ್ಟಿದ್ದಾರೆ. ಅದೇ ಅಳತೆಯ 40 ತೋಟಾಗಳನ್ನೂ ಕೊಟ್ಟಿದ್ದಾರೆ. ನನ್ನ ಬಳಿ ಹಾರಿಸಿದ 200ಕ್ಕೂ ಹೆಚ್ಚು ಹಿತ್ತಾಳೆಯ ಖಾಲಿ ಕೇಸ್‌ಗಳಿವೆ. ನಾನಿರುವ ಕಡೆ ಕಾನೂನಿನ ಅಡ್ಡಿಯಿಲ್ಲ. ಆದರೆ ಮನೆಯಲ್ಲಿ ಇಬ್ಬರು ಚಿಕ್ಕ ಮಕ್ಕಳಿದ್ದಾರೆ, ಮದ್ದಿನ ಡಬ್ಬಿ ಮನೆಯೊಳಗೆ ಬರುವುದೇ ಬೇಡ ಎಂದು ಹೆಂಡತಿ ಹೇಳುತ್ತಿದ್ದಾಳೆ. ಸಿಡಿದ ರೈಫಲ್‌ಗಳ ಚಿತ್ರ ನೋಡಿ ನನಗೂ ಅಳುಕು ಹುಟ್ಟಿದೆ. ಶುರುಮಾಡಬಹುದೇ? ಮಾಡಿದರೆ ಎಲ್ಲಿಂದ?

ಉತ್ತರ: ತೋಟಾ ತುಂಬುವುದೆಂದರೆ ಹಾರಿಸಿದ ಹಿತ್ತಾಳೆಯ ಕೇಸಿಗೆ ಹೊಸ ಪ್ರೈಮರ್ (ಪೆಟ್ಟು ಬಿದ್ದಾಗ ಸಿಡಿದು ಮದ್ದಿಗೆ ಬೆಂಕಿ ಹೊತ್ತಿಸುವ ಪುಟ್ಟ ಬಟ್ಟಲು), ಮದ್ದು ಮತ್ತು ಗುಂಡನ್ನು ಮತ್ತೆ ಕೂರಿಸುವುದು. ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಮನೆಯಲ್ಲಿ ತೋಟಾ ತುಂಬುವುದು ನನಗೂ ನನ್ನ ಮನೆಯವರಿಗೂ ಎಷ್ಟು ಅಪಾಯಕಾರಿ ಎಂಬುದು ಒಂದು. ತುಂಬಿದರೆ ನನ್ನ ಬೇಟೆಯ ದೂರ ಮೂರು ಪಟ್ಟು ಹೆಚ್ಚುತ್ತದೆಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ನನ್ನ ಉತ್ತರ, ಶಿಸ್ತಿದ್ದರೆ ಹೆದರಬೇಕಿಲ್ಲ ಎಂಬುದು. ಎರಡನೆಯದಕ್ಕೆ ಉತ್ತರ, ಇಲ್ಲ. ಈ ಕೆಲಸಕ್ಕೆ ಕೈ ಹಾಕುವ ಬಹುತೇಕರು ದೂರದ ಆಸೆಯಿಂದಲೇ ಬರುತ್ತಾರೆ, ಮತ್ತು ಆ ಆಸೆಯೇ ಅವರನ್ನು ಹೆಚ್ಚು ಮದ್ದು, ಹೆಚ್ಚು ವೇಗ ಎಂಬ ದಾರಿಗೆ ತಳ್ಳುತ್ತದೆ. ಆದ್ದರಿಂದ ದೂರದ ಲೆಕ್ಕವನ್ನೇ ಮೊದಲು ಬಿಡಿಸುತ್ತೇನೆ.

ಸೆಕೆಂಡಿಗೆ ಸುಮಾರು 820 ಮೀಟರ್ ವೇಗದಲ್ಲಿ ನಳಿಗೆಯಿಂದ ಹೊರಡುವ ಸಾಧಾರಣ ಆಕಾರದ .308 ಬೇಟೆಗುಂಡೊಂದನ್ನು ತೆಗೆದುಕೊಳ್ಳೋಣ. ಗಾಳಿಯೇ ಇಲ್ಲದ ನಿರ್ವಾತದಲ್ಲಿ ಅದು 400 ಮೀಟರ್ ದಾಟಲು 0.49 ಸೆಕೆಂಡು ಸಾಕು. ವಾತಾವರಣದಲ್ಲಿ ವೇಗ ಕುಗ್ಗುತ್ತ ಹೋಗುವುದರಿಂದ ಸುಮಾರು 0.59 ಸೆಕೆಂಡು ಬೇಕು. ಈ 0.1 ಸೆಕೆಂಡಿನ ಹಿಂಬೀಳಿಕೆಯನ್ನು ಅಡ್ಡಗಾಳಿಯ ವೇಗದಿಂದ ಗುಣಿಸಿದರೆ ಗುಂಡು ಎಷ್ಟು ಪಕ್ಕಕ್ಕೆ ಸರಿಯುತ್ತದೆ ಎಂಬುದು ಸಿಗುತ್ತದೆ. ಸೆಕೆಂಡಿಗೆ 3 ಮೀಟರಿನ, ಅಂದರೆ ಮುಖಕ್ಕೆ ತಂಪಾಗಿ ಸೋಕಿ ಎಲೆಗಳನ್ನು ಅಲುಗಿಸುವಷ್ಟರ ಗಾಳಿಗೆ 400 ಮೀಟರಿನಲ್ಲಿ ಸುಮಾರು 30 ಸೆಂಟಿಮೀಟರ್ ಸರಿಯುತ್ತದೆ. ನೀವು ಈಗ ಬೇಟೆಯಾಡುವ 200 ಮೀಟರಿನಲ್ಲಿ ಅದೇ ಗಾಳಿ ಸರಿಸುವುದು ಬರೀ 6–7 ಸೆಂಟಿಮೀಟರ್. 600 ಮೀಟರಿಗೆ ಹೋದರೆ ಅದು 70 ಸೆಂಟಿಮೀಟರ್ ಮುಟ್ಟುತ್ತದೆ. ಜಿಂಕೆಯ ಹೃದಯ ಮತ್ತು ಶ್ವಾಸಕೋಶಗಳಿರುವ ಮರ್ಮಸ್ಥಾನದ ಅಡ್ಡಳತೆಯೇ 20ರಿಂದ 25 ಸೆಂಟಿಮೀಟರ್ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಈಗ ತೋಟಾದ ಪಾಲಿಗೆ ಬರೋಣ. ಒಂದು ತೋಟಾದಿಂದ ಇನ್ನೊಂದಕ್ಕೆ ಗುಂಡಿನ ವೇಗ ಶೇಕಡಾ 1ರಷ್ಟು, ಅಂದರೆ ಸೆಕೆಂಡಿಗೆ 8 ಮೀಟರಿನಷ್ಟು ಏರುಪೇರಾದರೆ, 400 ಮೀಟರಿನಲ್ಲಿ ಈಡುಗಳು ಮೇಲೆ ಕೆಳಗೆ ಸುಮಾರು 3 ಸೆಂಟಿಮೀಟರ್ ಹರಡುತ್ತವೆ. ಮನೆಯಲ್ಲಿ ಎಷ್ಟೇ ನಾಜೂಕಾಗಿ ತುಂಬಿದರೂ ನೀವು ಈ ಲೆಕ್ಕದಲ್ಲಿ ಉಳಿಸಿಕೊಳ್ಳುವುದು ಕೆಲವೇ ಸೆಂಟಿಮೀಟರ್. ಗಾಳಿಯನ್ನು ಸೆಕೆಂಡಿಗೆ 2 ಮೀಟರಿನಷ್ಟು ತಪ್ಪಾಗಿ ಅಂದಾಜಿಸಿದರೆ, ಇದು ಪಳಗಿದವರಿಗೂ ಆಗುವ ತಪ್ಪು, ಅದೇ ದೂರದಲ್ಲಿ 20 ಸೆಂಟಿಮೀಟರ್ ಕಳೆದುಕೊಳ್ಳುತ್ತೀರಿ. ಇದಕ್ಕೆ ಪ್ರಾಣಿಯ ಚಲನೆಯನ್ನೂ ಸೇರಿಸಬೇಕು. ಮೇಯುತ್ತ ನಿಂತ ಜಿಂಕೆ ನೀವು ರೈಫಲಿನ ಕುದುರೆ (ಟ್ರಿಗರ್) ಒತ್ತಿದ ಕ್ಷಣದಲ್ಲೇ ಹೆಜ್ಜೆ ಎತ್ತಿಟ್ಟರೆ, ಸೆಕೆಂಡಿಗೆ 1 ಮೀಟರಿನ ನಿಧಾನ ನಡಿಗೆಯಲ್ಲೂ ಗುಂಡು 400 ಮೀಟರ್ ತಲುಪುವಷ್ಟರಲ್ಲಿ ಅದು ಅರ್ಧ ಮೀಟರಿಗಿಂತ ಹೆಚ್ಚು ಸರಿದಿರುತ್ತದೆ. ಎದೆಗೆ ಹಿಡಿದ ಗುರಿ ಹೊಟ್ಟೆಗೆ ಬೀಳುತ್ತದೆ. ಹೊಟ್ಟೆಗೆ ಗುಂಡು ತಗಲಿದ ಪ್ರಾಣಿಯ ಜಾಡನ್ನು ರಾತ್ರಿಯೆಲ್ಲ ಹಿಡಿದು ಹೋದವರಿಗೆ ಈ ಲೆಕ್ಕ ಏಕೆ ಮುಖ್ಯವೆಂದು ನಾನು ವಿವರಿಸಬೇಕಾಗಿಲ್ಲ. ಯಾವ ಮದ್ದೂ ಯಾವ ಗುಂಡೂ ಈ ಅರ್ಧ ಸೆಕೆಂಡನ್ನು ಅಳಿಸಿಹಾಕಲಾರದು.

ಗುಂಡು ತಾಗಿದ ಮೇಲೆ ಏನಾಗುತ್ತದೆ ಎಂಬುದೂ ಇದೆ. ಬೇಟೆಯ ಗುಂಡು ಒಳಹೊಕ್ಕು ಅಣಬೆಯಂತೆ ಅರಳಿದರೆ ಮಾತ್ರ ಪ್ರಾಣಿ ಬೇಗ ಸಾಯುತ್ತದೆ, ಮತ್ತು ಅರಳಲು ಒಂದು ಕನಿಷ್ಠ ವೇಗ ಬೇಕು. ಸೀಸದ ತಿರುಳಿನ ಹಲವು ಗುಂಡುಗಳಿಗೆ ಇದು ಸೆಕೆಂಡಿಗೆ ಸುಮಾರು 550 ಮೀಟರ್. ಪೂರ್ತಿ ತಾಮ್ರದ ಗುಂಡುಗಳಲ್ಲಿ ಕೆಲವಕ್ಕೆ ಇನ್ನೂ ಹೆಚ್ಚು. ದೂರದ ಬೇಟೆಗೆಂದೇ ಮಾಡಿದವು ಇನ್ನೂ ಕಡಿಮೆ ವೇಗದಲ್ಲೂ ಅರಳುತ್ತವೆ. ತಯಾರಕರು ಈ ಸಂಖ್ಯೆಯನ್ನು ಪ್ರಕಟಿಸುತ್ತಾರೆ. ಮೇಲೆ ಹೇಳಿದ ಗುಂಡಿನ ವೇಗ 450 ಮೀಟರಿನ ಆಸುಪಾಸಿನಲ್ಲೇ 550ಕ್ಕೆ ಇಳಿಯುತ್ತದೆ. ಅದರಾಚೆಗೆ ಅದು ಸೂಜಿಯಂತೆ ತೂರಿ ಹೋಗುವ ಸಂಭವ ಹೆಚ್ಚು. ಗೆಳೆಯರು ಹೇಳುವ 600 ಮೀಟರಿನಲ್ಲಿ ಗುರಿ ಸರಿಯಾಗಿ ಬಿದ್ದರೂ ಗುಂಡು ತನ್ನ ಕೆಲಸ ಮಾಡದೆ ಹೋಗಬಹುದು.

ಹಾಗಾದರೆ ತೋಟಾ ತುಂಬುವುದರಿಂದ ಸಿಗುವುದೇನು? ನಿಮ್ಮ ರೈಫಲಿನ ಚೇಂಬರಿಗೆ (ತೋಟಾ ಕೂರುವ ಗೂಡಿಗೆ), ನಳಿಗೆಯೊಳಗಿನ ಸುರುಳಿಗೆರೆಗಳ ತಿರುವಿಗೆ, ನೀವು ಬೇಟೆಯಾಡುವ ಪ್ರಾಣಿಗೆ ಒಪ್ಪುವ ಗುಂಡನ್ನು ನೀವೇ ಆರಿಸಿ, ಅದನ್ನು ವರ್ಷವಿಡೀ ಒಂದೇ ಹದದಲ್ಲಿ ಪಡೆಯುವ ಸೌಲಭ್ಯ ಸಿಗುತ್ತದೆ. ಕಾರ್ಖಾನೆಯ ತೋಟಾದಲ್ಲಿ ನಿಮಗೆ ಬೇಕಾದ ಗುಂಡು ಸಿಗದಿದ್ದಾಗ ಅಥವಾ ಒಂದು ಸಲ ತಯಾರಾದ ಸರಕಿನಿಂದ ಇನ್ನೊಂದಕ್ಕೆ ನಡತೆ ಬದಲಾದಾಗ ಇದರ ಬೆಲೆ ಗೊತ್ತಾಗುತ್ತದೆ. 100 ಮೀಟರಿನಲ್ಲಿ 6 ಸೆಂಟಿಮೀಟರಿನ ನಿಮ್ಮ ಗುಂಪು 400 ಮೀಟರಿನಲ್ಲಿ ಸುಮಾರು 24 ಸೆಂಟಿಮೀಟರ್ ಆಗಿ ಹರಡಿ, ಗಾಳಿಯ ತಪ್ಪಿಗೆ ಜಾಗವೇ ಇಲ್ಲದಂತೆ ಇಡೀ ಮರ್ಮಸ್ಥಾನವನ್ನು ತಾನೇ ನುಂಗಿಬಿಡುತ್ತದೆ. ಚೆನ್ನಾಗಿ ಹೊಂದಿಸಿದ ತೋಟಾ ಅದನ್ನು ಅರ್ಧಕ್ಕೆ ಇಳಿಸಿದರೆ ಅದು ನಿಜವಾದ ಲಾಭ. ಆದರೆ ಆ 6 ಸೆಂಟಿಮೀಟರಿಗೆ ತೋಟಾವೇ ಕಾರಣವೆಂದು ತೀರ್ಮಾನಿಸುವ ಮೊದಲು, ರೈಫಲಿನ ದಿಮ್ಮಿಯ (ಭುಜಕ್ಕೆ ಆನಿಸುವ ಹಿಡಿಯ) ತಿರುಪುಗಳು, ದೂರದರ್ಶಕವನ್ನು ಹಿಡಿದಿಡುವ ಬಳೆಗಳು ಬಿಗಿಯಾಗಿವೆಯೇ, ನಳಿಗೆಯೊಳಗೆ ತಾಮ್ರ ಕಟ್ಟಿದೆಯೇ ಎಂದು ನೋಡಿ. ಹೊಸ ತೋಟಾ ಬೇಕೆಂದು ನನ್ನ ಬಳಿಗೆ ಬಂದ ಎಷ್ಟೋ ರೈಫಲ್‌ಗಳಿಗೆ ಬೇಕಿದ್ದದ್ದು ಒಂದು ತಿರುಪುಳಿ ಮಾತ್ರ.

ಹಣ ಉಳಿಯುತ್ತದೆ ಎಂಬ ಮಾತನ್ನೂ ಕೇಳಿರುತ್ತೀರಿ. ಒಂದೊಂದು ತೋಟಾದ ಖರ್ಚು ತಗ್ಗಬಹುದು. ಆದರೆ ಅಭ್ಯಾಸ ಹೆಚ್ಚುವುದರಿಂದ ಒಟ್ಟು ಖರ್ಚು ತಗ್ಗಿದ್ದನ್ನು ನಾನು ಕಂಡಿಲ್ಲ. ಅಭ್ಯಾಸ ಹೆಚ್ಚುವುದು ಒಳ್ಳೆಯದೇ.

ಇನ್ನು ನಿಮ್ಮ ಅಳುಕಿನ ವಿಷಯ. ರೈಫಲ್ ಏಕೆ ಸಿಡಿಯುತ್ತದೆ ಎಂಬುದನ್ನು ಅರ್ಥಮಾಡಿಕೊಂಡರೆ ಅದನ್ನು ತಡೆಯುವ ದಾರಿಯೂ ತಾನಾಗಿ ಕಾಣುತ್ತದೆ. ತೋಟಾದೊಳಗಿನ ಹೊಗೆರಹಿತ ಮದ್ದು ಆಸ್ಫೋಟಿಸುವ ವಸ್ತುವಲ್ಲ, ಅತಿ ವೇಗವಾಗಿ ಉರಿಯುವ ವಸ್ತು. ಅದರ ವಿಶೇಷವೆಂದರೆ ಸುತ್ತಲಿನ ಒತ್ತಡ ಹೆಚ್ಚಿದಷ್ಟೂ ಅದು ಇನ್ನೂ ವೇಗವಾಗಿ ಉರಿಯುತ್ತದೆ, ವೇಗವಾಗಿ ಉರಿದಷ್ಟೂ ಒತ್ತಡ ಇನ್ನೂ ಏರುತ್ತದೆ. ಗುಂಡು ಮುಂದಕ್ಕೆ ಸರಿದು ಜಾಗ ಬಿಟ್ಟುಕೊಡುವುದರಿಂದ ಮಾತ್ರ ಈ ಸುತ್ತು ಹತೋಟಿಯಲ್ಲಿರುತ್ತದೆ. .308 ವಿಂಚೆಸ್ಟರಿಗೆ ಅಮೆರಿಕದ ತಯಾರಕರ ಸಂಸ್ಥೆಯಾದ ಸಾಮಿ ನಿಗದಿಪಡಿಸಿದ ಗರಿಷ್ಠ ಸರಾಸರಿ ಒತ್ತಡ ಚದರ ಇಂಚಿಗೆ 62,000 ಪೌಂಡ್, ಅಂದರೆ ಕಾರಿನ ಚಕ್ರದೊಳಗಿನ ಒತ್ತಡದ ಸುಮಾರು ಎರಡು ಸಾವಿರ ಪಟ್ಟು. ಇದು ನಿಮ್ಮ ಮುಖದಿಂದ ಒಂದು ಗೇಣು ದೂರದಲ್ಲಿ, ಪ್ರತಿ ಈಡಿಗೂ ಆಗುವ ಸಂಗತಿ. ಕೇಸಿನೊಳಗಿನ ಜಾಗ ಸ್ವಲ್ಪ ಕಡಿಮೆಯಾದರೂ, ಗುಂಡು ಹೊರಡಲು ಸ್ವಲ್ಪ ತಡೆಯಾದರೂ, ಮದ್ದು ಸ್ವಲ್ಪ ಬಿಸಿಯಾಗಿದ್ದರೂ ಒತ್ತಡ ನೇರ ಗೆರೆಯಲ್ಲಿ ಏರದೆ ಜಿಗಿಯುತ್ತದೆ.

ಗೆಳೆಯರ ಅಳತೆ ನಿಮಗೆ ಒಗ್ಗದಿರುವುದು ಈ ಕಾರಣದಿಂದಲೇ. ಅವರ ಪ್ರಾಮಾಣಿಕತೆಯ ಬಗ್ಗೆ ನನಗೆ ಸಂಶಯವಿಲ್ಲ. ಅವರ ರೈಫಲಿನಲ್ಲಿ ಅದು ತೊಂದರೆ ಕೊಟ್ಟಿಲ್ಲದಿರಬಹುದು. ಆದರೆ ಅದು ಅವರ ಚೇಂಬರ್, ಅವರ ಕೇಸ್, ಅವರ ಡಬ್ಬಿಯ ಮದ್ದು, ಅವರ ಪ್ರೈಮರ್, ಅವರು ಗುಂಡು ಕೂರಿಸುವ ಆಳ, ಇವೆಲ್ಲ ಸೇರಿ ಆದ ಅಳತೆ. ಸೈನ್ಯದ 7.62×51 ಮಿಲಿಮೀಟರ್ ತೋಟಾದ ಕೇಸ್‌ಗಳ ಗೋಡೆ .308ರ ನಾಗರಿಕ ಕೇಸ್‌ಗಳಿಗಿಂತ ಸಾಮಾನ್ಯವಾಗಿ ದಪ್ಪ. ಹೊರಗಿನ ಆಕಾರ ಒಂದೇ ಆದರೂ ಒಳಗಿನ ಜಾಗ ಕಡಿಮೆ, ಆದ್ದರಿಂದ ಅದೇ ಮದ್ದಿಗೆ ಒತ್ತಡ ಹೆಚ್ಚು. ತಾಮ್ರದ ಗುಂಡು ಅಷ್ಟೇ ತೂಕದ ಸೀಸದ ಗುಂಡಿಗಿಂತ ಉದ್ದವಾಗಿದ್ದು ಕೇಸಿನೊಳಗೆ ಹೆಚ್ಚು ಇಳಿಯುತ್ತದೆ. ಹೀಗಾಗಿ ತೂಕ ಒಂದೇ ಎಂದು ಒಂದರ ಅಳತೆಯನ್ನು ಇನ್ನೊಂದಕ್ಕೆ ಬಳಸುವಂತಿಲ್ಲ. ಮದ್ದಿನ ಹೆಸರುಗಳೂ ಮೋಸ ಮಾಡುತ್ತವೆ: 4831 ಎಂಬ ಒಂದೇ ಸಂಖ್ಯೆಯನ್ನು ಹೊತ್ತ ಐಎಂಆರ್ ಮತ್ತು ಹಾಜ್‌ಡನ್ ಮದ್ದುಗಳು ಬೇರೆ ಬೇರೆ ವೇಗದಲ್ಲಿ ಉರಿಯುತ್ತವೆ, ಒಂದರ ಅಳತೆ ಇನ್ನೊಂದಕ್ಕೆ ಹೊಂದುವುದಿಲ್ಲ. ಚೀಟಿಯಲ್ಲಿ ಸಂಖ್ಯೆ ಮಾತ್ರ ಬರೆದಿದ್ದರೆ ಓದುವವನಿಗೆ ಯಾವುದೆಂದು ಹೇಗೆ ತಿಳಿಯಬೇಕು?

ಚೇಂಬರನ್ನು ಹಿಂದಿನಿಂದ ಮುಚ್ಚುವ ಬೋಲ್ಟ್ ಸಲೀಸಾಗಿ ತೆರೆದುಕೊಂಡರೆ, ಪ್ರೈಮರ್ ಚಪ್ಪಟೆಯಾಗದಿದ್ದರೆ ಒತ್ತಡ ಮಿತಿಯೊಳಗಿದೆ ಎಂಬ ನಂಬಿಕೆ ಬಹಳ ವ್ಯಾಪಕವಾಗಿದೆ. ಇದು ಅರ್ಧಸತ್ಯ. ಬಿಗಿಯಾಗುವ ಬೋಲ್ಟ್, ಕೇಸಿನ ತಳದಲ್ಲಿ ಮೂಡುವ ಎಜೆಕ್ಟರಿನ (ಖಾಲಿ ಕೇಸನ್ನು ಹೊರಗೆಸೆಯುವ ಭಾಗದ) ಹೊಳಪು ಗುರುತು, ಕುಳಿ ಬಿದ್ದ ಅಥವಾ ಕಳಚಿದ ಪ್ರೈಮರ್, ಇವು ಕಂಡರೆ ಒತ್ತಡ ಹೆಚ್ಚಾಗಿದೆ ಎಂದು ಖಂಡಿತವಾಗಿ ತಿಳಿಯಬೇಕು. ಆದರೆ ಇವು ಕಾಣದಿದ್ದರೆ ಎಲ್ಲ ಸರಿಯಿದೆ ಎಂದು ತಿಳಿಯುವಂತಿಲ್ಲ, ಏಕೆಂದರೆ ಹಿತ್ತಾಳೆ ಸೋತು ಗುರುತು ತೋರಿಸುವುದು ಹಲವು ಸಲ ಮಿತಿ ದಾಟಿದ ಮೇಲೆಯೇ. ಇವಕ್ಕಿಂತ ನಂಬಬಹುದಾದ ಸಾಕ್ಷಿ ವೇಗಮಾಪಕ. ತಯಾರಕರು ತೋಟಾ ತುಂಬುವವರಿಗೆಂದು ಪ್ರಕಟಿಸುವ ಕೈಪಿಡಿಯ ಗರಿಷ್ಠ ಅಳತೆಗೆ ಹೇಳಿದ ವೇಗ ನಿಮ್ಮ ಅಷ್ಟೇ ಉದ್ದದ ನಳಿಗೆಯಲ್ಲಿ ಮೊದಲೇ ಬಂದುಬಿಟ್ಟರೆ, ಆ ಒತ್ತಡವೂ ಬಂದಿದೆ ಎಂದು ತಿಳಿದು ಅಲ್ಲಿಗೇ ನಿಲ್ಲಿಸಬೇಕು. ಪುಕ್ಕಟೆಯಾಗಿ ವೇಗ ಕೊಡುವ ನಳಿಗೆ ಯಾರ ಬಳಿಯೂ ಇಲ್ಲ. ಚಳಿಗಾಲದ ಬೆಳಗಿನಲ್ಲಿ ಅಂಚಿಗೆ ಹತ್ತಿರ ಹೊಂದಿಸಿದ ತೋಟಾ ಸುಡುಬಿಸಿಲಿನಲ್ಲಿ ನಿಂತ ವಾಹನದೊಳಗೆ ಕಾದರೆ ಅಂಚು ದಾಟಬಹುದೆಂಬುದನ್ನೂ ಮರೆಯಬಾರದು. ಹಾಗೆಂದು ಮದ್ದನ್ನು ಮನಸ್ಸಿಗೆ ಬಂದಷ್ಟು ಕಡಿಮೆ ಮಾಡುವುದೂ ಕ್ಷೇಮವಲ್ಲ. ನಿಧಾನವಾಗಿ ಉರಿಯುವ ಮದ್ದನ್ನು ದೊಡ್ಡ ಕೇಸಿನೊಳಗೆ ತೀರಾ ಕಡಿಮೆ ಹಾಕಿದಾಗ ಅಂಕೆಯಿಲ್ಲದ ಒತ್ತಡ ಹುಟ್ಟಿದ ಪ್ರಕರಣಗಳು ವರದಿಯಾಗಿವೆ. ಅದಲ್ಲದೆ ಗುಂಡು ನಳಿಗೆಯ ಮಧ್ಯದಲ್ಲೇ ನಿಂತು, ಮುಂದಿನ ಈಡು ಅದಕ್ಕೆ ಬಡಿಯುವ ಅಪಾಯವಿದೆ. ಕೈಪಿಡಿಯ ಕನಿಷ್ಠವೂ ಗರಿಷ್ಠದಷ್ಟೇ ಗಟ್ಟಿಯಾದ ಗೆರೆ.

ಮನೆಯವರ ಆತಂಕಕ್ಕೆ ಬರುತ್ತೇನೆ. ಅದು ಅಸಡ್ಡೆ ಮಾಡುವ ಆತಂಕವಲ್ಲ, ಆದರೆ ಭಯ ಎಲ್ಲಿರಬೇಕೋ ಅಲ್ಲಿರಬೇಕು. ತಯಾರಕರ ಮೂಲ ಡಬ್ಬಿಯಲ್ಲಿರುವ ಹೊಗೆರಹಿತ ಮದ್ದು ತಾನಾಗಿ ಸಿಡಿಯುವುದಿಲ್ಲ. ಬೆಂಕಿ ತಾಗಿದರೆ ಡಬ್ಬಿಯ ಮುಚ್ಚಳ ಬಿರಿದು ರಭಸವಾಗಿ ಉರಿಯುತ್ತದೆ. ಅದೇ ಮದ್ದನ್ನು ಬಲವಾದ ಕಬ್ಬಿಣದ ಪೆಟ್ಟಿಗೆಯಲ್ಲಿ ಗಾಳಿಯಾಡದಂತೆ ಬಂಧಿಸಿಟ್ಟರೆ, ಬೆಂಕಿ ಬಿದ್ದಾಗ ಆ ಪೆಟ್ಟಿಗೆಯೇ ಬಾಂಬಾಗುತ್ತದೆ. ಭದ್ರತೆಯ ಹೆಸರಿನಲ್ಲಿ ಜನ ಮಾಡುವ ತಪ್ಪು ಇದೇ. ಬೀಗ ಹಾಕಿದ, ಆದರೆ ಒತ್ತಡ ಹೊರಹೋಗಬಲ್ಲ ಮರದ ಕಪಾಟು, ತಂಪಾದ ಒಣ ಜಾಗ, ಒಲೆ ಮತ್ತು ಬಿಸಿನೀರಿನ ಯಂತ್ರಗಳಿಂದ ದೂರ, ಇಷ್ಟು ಬೇಕು. ಎಷ್ಟು ಇಟ್ಟುಕೊಳ್ಳಬಹುದು ಎಂಬ ಮಿತಿಯನ್ನು ನಿಮ್ಮ ಕಾನೂನು ಹೇಳುತ್ತದೆ. ಡಬ್ಬಿ ತೆರೆದಾಗ ಕಟುವಾದ ಹುಳಿ ವಾಸನೆ ಅಥವಾ ಕೆಂಗಂದು ಹೊಗೆ ಕಂಡರೆ ಮದ್ದು ಕೆಟ್ಟಿದೆ ಎಂದರ್ಥ, ಅದನ್ನು ಬಳಸಬಾರದು.

ನಿಜವಾಗಿ ಹೆದರಬೇಕಾದದ್ದು ಪ್ರೈಮರಿಗೆ. ಅದರೊಳಗಿನ ಪದಾರ್ಥ ಪೆಟ್ಟು ಬಿದ್ದೊಡನೆ ಸಿಡಿಯಬೇಕೆಂದೇ ಮಾಡಿದ್ದು. ತಯಾರಕರ ತಟ್ಟೆಯಲ್ಲಿ ಅವನ್ನು ಒಂದರಿಂದ ಒಂದು ದೂರವಿಟ್ಟು ಜೋಡಿಸಿರುವುದು ಒಂದು ಸಿಡಿದರೆ ಉಳಿದವು ಸಿಡಿಯದಿರಲೆಂದು. ಆ ತಟ್ಟೆಯಿಂದ ತೆಗೆದು ಗಾಜಿನ ಸೀಸೆಗೆ ಸುರಿದಿಟ್ಟರೆ, ನೀವು ಕೈಯಲ್ಲಿ ಹಿಡಿದಿರುವುದು ಒಂದು ಸ್ಫೋಟಕ. ಮಕ್ಕಳಿಗೆ ಇನ್ನೊಂದು ಅಪಾಯ ಕಣ್ಣಿಗೆ ಕಾಣದ್ದು. ಸಾಮಾನ್ಯ ಪ್ರೈಮರಿನಲ್ಲಿ ಸೀಸದ ಸಂಯುಕ್ತವಿದ್ದು, ಹಾರಿಸಿದ ಕೇಸಿನೊಳಗೆ ಅದರ ಮಸಿ ಉಳಿಯುತ್ತದೆ. ಕೇಸ್‌ಗಳನ್ನು ಒಣ ಪುಡಿಯಲ್ಲಿ ಯಂತ್ರದಿಂದ ಉಜ್ಜಿದಾಗ ಈ ಧೂಳು ಮನೆಯೆಲ್ಲ ಹರಡುತ್ತದೆ, ಮತ್ತು ಚಿಕ್ಕ ಮಕ್ಕಳ ಮೆದುಳಿಗೆ ಸೀಸ ತೀರಾ ಸ್ವಲ್ಪ ಪ್ರಮಾಣದಲ್ಲೂ ಹಾನಿ ಮಾಡುತ್ತದೆ. ಆದ್ದರಿಂದ ನೀರಿನಲ್ಲಿ ತೊಳೆಯುವ ಕ್ರಮವನ್ನೇ ಅನುಸರಿಸಿ, ಅಡುಗೆಮನೆಯ ಪಾತ್ರೆ ಮತ್ತು ಬಚ್ಚಲನ್ನು ಅದಕ್ಕೆ ಬಳಸಬೇಡಿ, ಕೆಲಸದ ಕೋಣೆಯಲ್ಲಿ ತಿನ್ನಬೇಡಿ, ಮುಗಿಸಿದ ಮೇಲೆ ಕೈ ತೊಳೆದು ಬಟ್ಟೆ ಬದಲಿಸಿಯೇ ಮಕ್ಕಳನ್ನು ಎತ್ತಿಕೊಳ್ಳಿ. ಬೀಗ ಹಾಕುವ ಪ್ರತ್ಯೇಕ ಕೋಣೆ ನಿಮಗಿಲ್ಲದಿದ್ದರೆ, ಮಕ್ಕಳು ಬೆಳೆಯುವವರೆಗೆ ಈ ಕೆಲಸ ಬೇಡವೆಂಬ ನಿಮ್ಮ ಹೆಂಡತಿಯ ಮಾತೇ ಸರಿ ಎಂದು ನಾನು ಹೇಳುತ್ತೇನೆ.

ಕೋಣೆಯಿದೆ, ಶುರುಮಾಡುತ್ತೀರಿ ಎಂದಾದರೆ, ಖರೀದಿಯ ಮೊದಲ ವಸ್ತು ಕೈಪಿಡಿ. ಗುಂಡು ತಯಾರಕರದ್ದು ಒಂದು, ಮದ್ದು ತಯಾರಕರದ್ದು ಒಂದು, ಹೀಗೆ ಈಚಿನ ಎರಡು ಕೈಪಿಡಿಗಳಿದ್ದರೆ ಒಂದರ ಮಾತನ್ನು ಇನ್ನೊಂದರಲ್ಲಿ ತಾಳೆ ನೋಡಬಹುದು. ಅನಂತರ, ಒಂದು ಸಲಕ್ಕೆ ಒಂದೇ ಕೆಲಸ ಮಾಡುವ ಸರಳ ಪ್ರೆಸ್, ಕೇಸನ್ನು ಅಳತೆಗೆ ಒತ್ತಿ ಗುಂಡು ಕೂರಿಸುವ .308ರ ಡೈಗಳು (ಅಚ್ಚುಗಳು), ಗ್ರೇನಿನ ಹತ್ತನೆಯ ಒಂದು ಭಾಗವನ್ನು ತೋರಿಸುವ ತಕ್ಕಡಿ ಮತ್ತು ಅದನ್ನು ಪರೀಕ್ಷಿಸುವ ತೂಕದ ಬಟ್ಟುಗಳು, ಕ್ಯಾಲಿಪರ್, ಕೇಸ್ ಕತ್ತರಿಸುವ ಸಾಧನ, ತಪ್ಪಾಗಿ ತುಂಬಿದ್ದನ್ನು ಬಿಚ್ಚುವ ಪುಲ್ಲರ್. ಒಂದು ಗ್ರೇನ್ ಎಂದರೆ 64.8 ಮಿಲಿಗ್ರಾಂ, ಅದರ ಹತ್ತನೆಯ ಒಂದು ಭಾಗವೆಂದರೆ ಮದ್ದಿನ ಕೆಲವೇ ಕಾಳುಗಳು. ಹಿಡಿ ಎಳೆದಾಗಲೆಲ್ಲ ಒಂದು ತೋಟಾ ಉದುರಿಸುವ ಪ್ರೋಗ್ರೆಸಿವ್ ಪ್ರೆಸ್ ಹೊಸಬರಿಗಲ್ಲ. ಅದರಲ್ಲಿ ನಾಲ್ಕೈದು ಕೆಲಸಗಳು ಒಟ್ಟಿಗೆ ನಡೆಯುವುದರಿಂದ ಯಾವುದು ತಪ್ಪಿತೆಂಬುದು ಕಣ್ಣಿಗೆ ಬೀಳುವುದಿಲ್ಲ.

ನಿಮ್ಮ 200 ಕೇಸ್‌ಗಳೆಲ್ಲ ಒಂದೇ ಬಗೆಯವಲ್ಲ ಎಂದುಕೊಂಡು ಹೊರಡಿ. ಕೇಸಿನೊಳಗೆ ಬೆಳಕು ಹಾಯಿಸಿ ನೋಡಿದಾಗ ತಳದ ಮಧ್ಯದಲ್ಲಿ ಒಂದೇ ರಂಧ್ರ ಕಂಡರೆ ಅದು ಬಾಕ್ಸರ್ ಪ್ರೈಮರಿನದು, ಮತ್ತೆ ತುಂಬಬಹುದು. ಎರಡು ಸಣ್ಣ ರಂಧ್ರಗಳಿದ್ದರೆ ಬರ್ಡನ್ ಪ್ರೈಮರಿನದು. ಸಾಮಾನ್ಯ ಡೈಯ ಸೂಜಿ ಅಲ್ಲಿ ಮುರಿಯುತ್ತದೆ, ಅದನ್ನು ಪಕ್ಕಕ್ಕಿಡಿ. ಉಳಿದವನ್ನು ತಯಾರಕರ ಪ್ರಕಾರ ಬೇರ್ಪಡಿಸಿ, ಎಷ್ಟು ಸಲ ಹಾರಿಸಿದ್ದೆಂದು ಗೊತ್ತಿಲ್ಲದ್ದನ್ನು, ಬೇರೆಯವರ ಚೇಂಬರಿನಲ್ಲಿ ಹಾರಿದ್ದನ್ನು ಬಿಟ್ಟು, ಒಂದೇ ತಯಾರಕರ 50 ಒಳ್ಳೆಯ ಕೇಸ್‌ಗಳನ್ನು ಆರಿಸಿಕೊಳ್ಳಿ. ತಳದಿಂದ ಸ್ವಲ್ಪ ಮೇಲೆ ಹೊಳೆಯುವ ಉಂಗುರದಂಥ ಗೆರೆಯಿದ್ದರೆ ಆ ಕೇಸ್ ಒಳಗಿನಿಂದ ತೆಳುವಾಗುತ್ತಿದೆ, ಇನ್ನೊಂದು ಈಡಿಗೆ ಎರಡಾಗಬಹುದು. ತುದಿ ಬಗ್ಗಿಸಿದ ತಂತಿಯನ್ನು ಒಳಗೋಡೆಯ ಮೇಲೆ ಎಳೆದರೆ ಆ ಹಳ್ಳ ಬೆರಳಿಗೆ ಗೊತ್ತಾಗುತ್ತದೆ.

ಕೇಸನ್ನು ಮತ್ತೆ ಅಳತೆಗೆ ತರುವ ಹಂತದಲ್ಲಿ ಒಂದು ಹಳೆಯ ವಾದ ನಿಮ್ಮ ಕಿವಿಗೆ ಬೀಳುತ್ತದೆ: ಗುಂಡನ್ನು ಹಿಡಿಯುವ ಕತ್ತನ್ನು ಮಾತ್ರ ಒತ್ತಿದರೆ ಕೇಸ್ ಚೇಂಬರಿಗೆ ಅಚ್ಚು ಹಾಕಿದಂತೆ ಕೂತು ಗುರಿ ಹೆಚ್ಚು ನಿಖರವಾಗುತ್ತದೆ ಎಂದು. ಬೇಟೆಗೆ ಇದನ್ನು ನಾನು ಒಪ್ಪುವುದಿಲ್ಲ. ಕೆಲವು ಈಡಿನ ನಂತರ ಅಂಥ ಕೇಸ್ ಬಿಗಿಯಾಗಿ, ಬೇಟೆಯ ಹೊತ್ತಿನಲ್ಲಿ ಬೋಲ್ಟ್ ಮುಚ್ಚದೆ ಹೋಗಬಹುದು. ಇಡೀ ಕೇಸನ್ನು ಒತ್ತಿ, ಕತ್ತಿನ ಕೆಳಗಿನ ಇಳಿಜಾರಾದ ಭುಜವನ್ನು ಒಂದು ಇಂಚಿನ ಸಾವಿರದ ಒಂದೆರಡು ಭಾಗದಷ್ಟು ಮಾತ್ರ ಹಿಂದಕ್ಕೆ ತಳ್ಳುವಂತೆ ಡೈ ಹೊಂದಿಸಿದರೆ ಸುಲಭವಾಗಿ ಕೂರುತ್ತದೆ, ಕೇಸೂ ಬಾಳುತ್ತದೆ. ಅದಕ್ಕಿಂತ ಹೆಚ್ಚು ತಳ್ಳಿದರೆ ಪ್ರತಿ ಈಡಿಗೂ ಹಿತ್ತಾಳೆ ಹಿಗ್ಗಿ ನಾನು ಮೇಲೆ ಹೇಳಿದ ಉಂಗುರ ಬೇಗ ಮೂಡುತ್ತದೆ. ಒತ್ತಿದಾಗ ಕೇಸ್ ಉದ್ದಕ್ಕೆ ಬೆಳೆಯುವುದರಿಂದ ಮಿತಿ ದಾಟಿದ್ದನ್ನು ಕತ್ತರಿಸಬೇಕು. ಕತ್ತರಿಸದ ಕತ್ತು ಚೇಂಬರಿನ ತುದಿಗೆ ಸಿಕ್ಕಿ ಗುಂಡನ್ನು ಹಿಡಿದುಕೊಂಡರೆ ಒತ್ತಡ ಮತ್ತೆ ಜಿಗಿಯುತ್ತದೆ.

ಮದ್ದು ಹಾಕುವಾಗ ಮೇಜಿನ ಮೇಲೆ ಒಂದೇ ಡಬ್ಬಿ ಇರಬೇಕು, ಆ ದಿನ ಬಳಸುವುದು ಮಾತ್ರ. ಕೆಲಸ ಮುಗಿದೊಡನೆ ಉಳಿದದ್ದು ಅದೇ ಡಬ್ಬಿಗೆ ಹೋಗಬೇಕು. ಯಾವ ಮದ್ದೆಂಬ ಬಗ್ಗೆ ಎಳ್ಳಷ್ಟು ಅನುಮಾನ ಬಂದರೂ ಅದು ಯಾವ ಡಬ್ಬಿಗೂ ಹೋಗಬಾರದು. ಗುಂಡು ಕೂರಿಸುವ ಮೊದಲು ತಟ್ಟೆಯಲ್ಲಿ ನಿಲ್ಲಿಸಿದ ಅಷ್ಟೂ ಕೇಸ್‌ಗಳೊಳಗೆ ದೀಪ ಹಿಡಿದು ಮದ್ದಿನ ಮಟ್ಟ ಒಂದೇ ಇದೆಯೇ ಎಂದು ನೋಡುವುದನ್ನು ನಾನು ಇಂದಿಗೂ ಬಿಟ್ಟಿಲ್ಲ. ಫೋನ್ ಪಕ್ಕದ ಕೋಣೆಯಲ್ಲಿರಲಿ. ನಡುವೆ ಯಾರಾದರೂ ಕರೆದರೆ, ಕೈಯಲ್ಲಿದ್ದ ಕೇಸನ್ನು ಖಾಲಿ ಮಾಡಿ ಎದ್ದು ಹೋಗಿ.

ಗುಂಡನ್ನು ಎಷ್ಟು ಆಳಕ್ಕೆ ಕೂರಿಸಬೇಕು ಎಂಬುದರಲ್ಲಿ ಗುರಿ ಸ್ಪರ್ಧೆಯವರ ಸಲಹೆ ಬೇಟೆಗಾರನಿಗೆ ಹೊಂದದು. ಅವರು ಗುಂಡನ್ನು ನಳಿಗೆಯ ಸುರುಳಿಗೆರೆಗಳಿಗೆ ತಾಗುವಂತೆ ಮುಂದಿಡುತ್ತಾರೆ. ಹಲವು ವರ್ಷಗಳ ಹಿಂದೆ ನಾನೂ ಹಾಗೆ ತುಂಬಿ ಬೇಟೆಗೆ ಹೋಗಿದ್ದೆ. ಈಡು ಹೊಡೆಯದೆ ಸಂಜೆ ರೈಫಲ್ ಖಾಲಿ ಮಾಡಲು ಬೋಲ್ಟ್ ಎಳೆದಾಗ ಗುಂಡು ನಳಿಗೆಯಲ್ಲೇ ಕಚ್ಚಿಕೊಂಡು, ಕೇಸ್ ಮಾತ್ರ ಹಿಂದೆ ಬಂದು, ಮದ್ದೆಲ್ಲ ಕುದುರೆಯ ಯಂತ್ರದೊಳಗೆ ಚೆಲ್ಲಿತು. ಮರುದಿನ ಬೇಟೆ ನಡೆಯಲಿಲ್ಲ. ಗೆರೆಗಳಿಗೆ ತಾಗುವ ಗುಂಡು ಒತ್ತಡವನ್ನೂ ಏರಿಸುತ್ತದೆ. ಮ್ಯಾಗಜೀನಿನಲ್ಲಿ ಸಲೀಸಾಗಿ ಕೂರುವ, ಗೆರೆಗಳಿಂದ ಹಿಂದೆ ನಿಲ್ಲುವ, ಕೈಪಿಡಿಯ ಉದ್ದವನ್ನೇ ಇಟ್ಟುಕೊಳ್ಳಿ.

ಕೈಪಿಡಿಯ ಆರಂಭದ ಅಳತೆಯಿಂದ ಸಣ್ಣ ಸಣ್ಣ ಮೆಟ್ಟಿಲುಗಳಲ್ಲಿ ಏರುತ್ತ, ಪ್ರತಿಯೊಂದನ್ನೂ ವೇಗಮಾಪಕದ ಮೇಲೆ ಹಾರಿಸಿ ಬರೆದುಕೊಳ್ಳುವುದು ಮುಂದಿನ ಹಂತ. ಇಲ್ಲಿ ಮೂರು ಈಡುಗಳ ಸುಂದರ ಗುಂಪನ್ನು ನಂಬಿ ಮೋಸಹೋಗಬೇಡಿ. ಒಂದೇ ಹದದ ತೋಟಾಗಳಲ್ಲಿ ಮೂರನ್ನು ಹಾರಿಸಿದರೆ, ಅತಿ ಹೆಚ್ಚು ಮತ್ತು ಅತಿ ಕಡಿಮೆ ವೇಗದ ಅಂತರ ಸರಾಸರಿಯಲ್ಲಿ ಪ್ರಮಾಣ ವಿಚಲನೆಯ (ವೇಗಗಳು ಸರಾಸರಿಯ ಸುತ್ತ ಚದುರುವ ಅಳತೆಯ) 1.7 ಪಟ್ಟು ಇರುತ್ತದೆ; ಹತ್ತನ್ನು ಹಾರಿಸಿದರೆ 3.1 ಪಟ್ಟು. ತೋಟಾ ಬದಲಾಗಿಲ್ಲ, ಎಣಿಕೆ ಮಾತ್ರ ಬದಲಾಗಿದೆ. ಮೂರು ಈಡಿನಲ್ಲಿ ಸಿಕ್ಕ ಮಾಯದ ಅಳತೆ ಮುಂದಿನ ವಾರ ಮಾಯವಾಗುವುದು ಇದಕ್ಕೇ. ಮಧ್ಯಮ ಮಟ್ಟದ, ಗರಿಷ್ಠಕ್ಕಿಂತ ಸಾಕಷ್ಟು ಕೆಳಗಿನ ಒಂದು ಅಳತೆಯನ್ನು ಆರಿಸಿ ಅದನ್ನೇ 20 ಈಡುಗಳಲ್ಲಿ ಪರೀಕ್ಷಿಸಿ. ಸೆಕೆಂಡಿಗೆ 15 ಮೀಟರ್ ಹೆಚ್ಚು ವೇಗಕ್ಕಾಗಿ ಅಂಚಿಗೆ ಹೋದವರು ಪಡೆದದ್ದು 400 ಮೀಟರಿನಲ್ಲಿ ಐದಾರು ಸೆಂಟಿಮೀಟರಿನ ಕಡಿಮೆ ಇಳಿತವನ್ನು. ಅಷ್ಟನ್ನು ದೂರದರ್ಶಕದ ತಿರುಗಣೆಯಲ್ಲೇ ಸರಿಪಡಿಸಬಹುದು.

ಈಗ ನಿಮ್ಮ ಮುಂದಿರುವ ದಾರಿಗಳು. ತೋಟಾ ತುಂಬದೆಯೇ, ಬೇರೆ ಬೇರೆ ಗುಂಡಿನ ಮೂರು ನಾಲ್ಕು ಬಗೆಯ ಕಾರ್ಖಾನೆ ತೋಟಾಗಳನ್ನು ಹಾರಿಸಿ ನೋಡುವುದು ಮೊದಲನೆಯದು. ಇದರಲ್ಲಿ ಅಪಾಯವೆಂಬುದು ಇಲ್ಲವೇ ಇಲ್ಲ ಎನ್ನಬಹುದು, ಮತ್ತು ನಿಮ್ಮ 6 ಸೆಂಟಿಮೀಟರ್ 3ಕ್ಕೆ ಇಳಿದರೆ 300 ಮೀಟರಿನವರೆಗಿನ ಬೇಟೆಗೆ ತೋಟಾದ ಕಡೆಯಿಂದ ಬೇರೇನೂ ಬೇಕಿಲ್ಲ. ನಾನು ನಿಮ್ಮ ಜಾಗದಲ್ಲಿದ್ದರೆ ಇದನ್ನೇ ಮೊದಲು ಮಾಡುತ್ತಿದ್ದೆ. ಪಳಗಿದವರೊಬ್ಬರ ಎದುರಿನಲ್ಲಿ, ಅವರ ಅಳತೆಯನ್ನು ನಕಲು ಮಾಡದೆ ಅವರ ಕ್ರಮವನ್ನು ಕಲಿಯುತ್ತ, ನಿಮ್ಮದೇ ಕೈಪಿಡಿ ಮತ್ತು ಸಾಮಗ್ರಿಯಲ್ಲಿ ಮೊದಲ 50 ತೋಟಾಗಳನ್ನು ತುಂಬುವುದು ಎರಡನೆಯದು. ಇದರ ಅಪಾಯವಿರುವುದು ಅವಸರದಲ್ಲಿ ಮತ್ತು ಗಮನ ತಪ್ಪುವುದರಲ್ಲಿ. ಪೂರ್ತಿ ಒಬ್ಬರೇ ಓದಿಕೊಂಡು ಶುರುಮಾಡುವವರೂ ಇದ್ದಾರೆ, ಚೆನ್ನಾಗಿ ಮಾಡುವವರೂ ಇದ್ದಾರೆ. ಆದರೆ ತಾನು ಮಾಡುತ್ತಿರುವ ತಪ್ಪು ತನಗೆ ಕಾಣದೆಂಬ ತೊಡಕು ಅಲ್ಲಿದೆ. ಯಾವ ದಾರಿಯಲ್ಲಿ ಹೋದರೂ ದೂರವನ್ನು 50 ಮೀಟರಿನಷ್ಟೇ ಹೆಚ್ಚಿಸುತ್ತ ಹೋಗಿ. ಬೆಂಚಿನ ಮೇಲೆ ಕುಳಿತಲ್ಲ, ಬೇಟೆಯಲ್ಲಿ ಸಿಗುವ ಭಂಗಿಯಲ್ಲಿ, ಗಾಳಿ ಬೀಸುವ ದಿನ, ತಣ್ಣಗಿನ ನಳಿಗೆಯ ಮೊದಲ ಈಡು 20 ಸೆಂಟಿಮೀಟರಿನ ತಟ್ಟೆಗೆ ಹತ್ತಕ್ಕೆ ಹತ್ತು ಸಲವೂ ಬಿದ್ದ ದೂರವೇ ನಿಮ್ಮ ಬೇಟೆಯ ದೂರ. ಅದು 300 ಮೀಟರ್ ಆಗಿದ್ದರೆ, ಉಳಿದ 300 ಮೀಟರನ್ನು ಗಾಳಿಯ ಎದುರಿಗೆ ತೆವಳಿ ದಾಟುವ ಕಲೆಯನ್ನು ನೀವು ಎಂಟು ವರ್ಷಗಳಲ್ಲಿ ಈಗಾಗಲೇ ಕಲಿತಿದ್ದೀರಿ.

ಕೊನೆಯದಾಗಿ ಗೆಳೆಯರು ಕೊಟ್ಟ 40 ತೋಟಾಗಳು. ಅವನ್ನು ನಿಮ್ಮ ರೈಫಲಿನಲ್ಲಿ ಹಾರಿಸಬೇಡಿ. ಒಂದನ್ನೂ, ಪರೀಕ್ಷೆಗೆಂದೂ ಬೇಡ. ಬೇಸರವಾಗದಂತೆ ಕಾರಣ ಹೇಳಿ ಅವರಿಗೇ ಹಿಂತಿರುಗಿಸಿ, ಅವು ಅವರ ರೈಫಲಿಗೆಂದು ಮಾಡಿದ ತೋಟಾಗಳು. ಅವರು ತೆಗೆದುಕೊಳ್ಳದಿದ್ದರೆ ಪುಲ್ಲರಿನಿಂದ ಗುಂಡುಗಳನ್ನು ಬಿಚ್ಚಬಹುದು. ಒಳಗಿನ ಮದ್ದನ್ನು ಯಾವ ಡಬ್ಬಿಗೂ ಸೇರಿಸದೆ, ಬಯಲಿನಲ್ಲಿ ಗಿಡಗಳ ಬುಡಕ್ಕೆ ತೆಳುವಾಗಿ ಎರಚಿಬಿಡಿ. ಚೀಟಿಯನ್ನು ಬೇಕಿದ್ದರೆ ಇಟ್ಟುಕೊಳ್ಳಿ. ನಿಮ್ಮ ಎರಡು ಕೈಪಿಡಿಗಳು ಬಂದ ಮೇಲೆ ಆ ಅಳತೆ ಅವುಗಳ ಗರಿಷ್ಠಕ್ಕಿಂತ ಎಷ್ಟು ಮೇಲೆ ಅಥವಾ ಕೆಳಗೆ ಇದೆ ಎಂದು ಹೋಲಿಸಿ ನೋಡಿ, ಮೇಲಿದ್ದರೆ ಆ ವಿಷಯವನ್ನು ಗೆಳೆಯರಿಗೂ ತಿಳಿಸಿ.